ಒಂದು ಜಕಾರ, ಐದು ಅಕ್ಷರ: ಅರಬಿ ಬರವಣಿಗೆಗೆ ಪದದಾಟದ ನೆರವು

ಅಘನಾಶಿನಿಯ ದಂಡೆಯ ಮಿರ್ಜಾನದಿಂದ ಹೊರಟು, ಕುಮಟೆ ಮತ್ತು ಶರಾವತಿಯ ಅಳಿವೆಯ ಹೊನ್ನಾವರವನ್ನು ದಾಟಿ, ಭಟ್ಕಳದವರೆಗೆ ಹಬ್ಬಿರುವ ಕರಾವಳಿಯಲ್ಲಿ ಅರಬಿ ಅಕ್ಷರವನ್ನು ಓದಬಲ್ಲ ಮಕ್ಕಳಿಗೆ ಕೊರತೆಯಿಲ್ಲ. ಆದರೆ ಎದುರಿಗೆ ಪುಸ್ತಕವಿಲ್ಲದೆ, ಕಿವಿಗೆ ಬಿದ್ದ ಒಂದು ಅರಬಿ ಮಾತನ್ನು ತಪ್ಪಿಲ್ಲದೆ ಬರೆದು ತೋರಿಸಬಲ್ಲವರು ಅವರಲ್ಲಿ ಕೆಲವರೇ. ಇದಕ್ಕೆ ಮಕ್ಕಳ ಜಾಣತನವಾಗಲಿ ಉಸ್ತಾದರ ಶ್ರದ್ಧೆಯಾಗಲಿ ಕಡಿಮೆಯೆಂಬುದು ಕಾರಣವಲ್ಲ. ಬೆಳಗಿನ ಮಕ್ತಬ್, ಎಂದರೆ ಶಾಲೆಯ ಗಂಟೆಗೆ ಮುನ್ನ ಮಸೀದಿಯ ಆಸರೆಯಲ್ಲಿ ನಡೆಯುವ ಪ್ರಾಥಮಿಕ ಪಾಠ, ಕುರ್‌ಆನಿನ ಶುದ್ಧ ಪಠಣವನ್ನು ಗುರಿಯಾಗಿಟ್ಟುಕೊಂಡು ರೂಪುಗೊಂಡಿದೆ. ಆ ಗುರಿಯನ್ನು ಅದು ಚೆನ್ನಾಗಿಯೇ ಮುಟ್ಟುತ್ತದೆ, ಬರವಣಿಗೆ ಮಾತ್ರ ಅದರ ಅಂಚಿನಲ್ಲಿ ಉಳಿದುಬಿಡುತ್ತದೆ. ಈ ಕೊರತೆಯನ್ನು ತುಂಬಲು ಪದದಾಟಗಳಿಗಿಂತ ಸುಲಭವಾದ ಸಾಧನ ಕಾಣದು, ಮತ್ತು ಆ ಆಟಗಳಿಗೆ ಬೇಕಾದ ಸಾಮಗ್ರಿಯಲ್ಲಿ ದೊಡ್ಡ ಪಾಲು ಕನ್ನಡದ ಕಚೇರಿ ಮಾತಿನಲ್ಲಿಯೇ ಸಿದ್ಧವಾಗಿದೆ.

ಈ ನೆಲಕ್ಕೂ ಅರಬಿ ಅಕ್ಷರಕ್ಕೂ ಇರುವ ನಂಟು ಹೊಸದೇನಲ್ಲ. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತಾ, ಅಲ್ಲಿ ಹೆಣ್ಣುಮಕ್ಕಳಿಗಾಗಿ 13 ಮತ್ತು ಗಂಡುಮಕ್ಕಳಿಗಾಗಿ 23 ಪಾಠಶಾಲೆಗಳನ್ನು ಕಂಡುದಾಗಿಯೂ, ಅಂಥದ್ದನ್ನು ಬೇರೆಲ್ಲಿಯೂ ನೋಡಲಿಲ್ಲವೆಂದೂ, ಅಲ್ಲಿಯ ಹೆಂಗಸರಿಗೆ ಕುರ್‌ಆನ್ ಕಂಠಪಾಠವಾಗಿತ್ತೆಂದೂ ತನ್ನ ಪ್ರವಾಸಕಥನದಲ್ಲಿ ದಾಖಲಿಸಿದ್ದಾನೆ. ಆಗ ಹೊನ್ನಾವರದಲ್ಲಿ ಆಳುತ್ತಿದ್ದ ಸುಲ್ತಾನ ಜಮಾಲುದ್ದೀನನು ವಿಜಯನಗರದ ಹರಿಹರನಿಗೆ ಅಧೀನನಾಗಿದ್ದನೆಂಬ ಸಂಗತಿಯೂ ಅದೇ ಕಥನದಿಂದ ತಿಳಿಯುತ್ತದೆ. ಮಿರ್ಜಾನ ಕೋಟೆಯ ಉತ್ಖನನದಲ್ಲಿ 1652ರ ಪೋರ್ಚುಗೀಸ್ ಚಿನ್ನದ ನಾಣ್ಯ ಮತ್ತು ಚೀನಾ ಪಿಂಗಾಣಿಯ ಚೂರುಗಳೊಂದಿಗೆ ಇಸ್ಲಾಮೀ ಬರಹವುಳ್ಳ ಫಲಕಗಳೂ ದೊರೆತಿವೆ. ಭಟ್ಕಳದ ನವಾಯತರು ಕೊಂಕಣಿಗೆ ಹತ್ತಿರವಾದ ತಮ್ಮ ಮನೆಮಾತನ್ನು ಅರಬಿ-ಫಾರಸಿ ಮೂಲದ ಲಿಪಿಯಲ್ಲಿ ಬರೆಯುತ್ತ ಬಂದಿದ್ದಾರೆ. ಆಧುನಿಕ ಶಿಕ್ಷಣಕ್ಕಾಗಿ 1919ರಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆಯನ್ನೂ, ಅರಬಿ ಮತ್ತು ಧರ್ಮಶಾಸ್ತ್ರದ ಉನ್ನತ ಅಧ್ಯಯನಕ್ಕಾಗಿ 1962ರಲ್ಲಿ ಜಾಮಿಯಾ ಇಸ್ಲಾಮಿಯಾವನ್ನೂ ಕಟ್ಟಿಕೊಂಡಿದ್ದಾರೆ. ಕರ್ನಾಟಕದ ಪ್ರೌಢಶಾಲೆಗಳ ತೃತೀಯ ಭಾಷೆಗಳ ಪಟ್ಟಿಯಲ್ಲಿಯೂ ಪದವಿಪೂರ್ವ ಹಂತದ ಭಾಷೆಗಳಲ್ಲಿಯೂ ಅರಬಿಗೆ ಸ್ಥಾನವಿದೆ. ಆ ಹಂತಗಳ ಪರೀಕ್ಷೆ ನಡೆಯುವುದು ಬರವಣಿಗೆಯಲ್ಲಿ. ಓದಲು ಮಾತ್ರ ಕಲಿತು ಬಂದ ಮಗು ಅಲ್ಲಿ ತಡವರಿಸುತ್ತದೆ.

ಓದು ತಾನಾಗಿಯೇ ಬರವಣಿಗೆಯಾಗಿ ಮಾರ್ಪಡದಿರುವುದಕ್ಕೆ ಲಿಪಿಯ ಸ್ವಭಾವದಲ್ಲಿಯೇ ಕಾರಣಗಳಿವೆ. ನೂರಾನಿ ಖಾಯಿದಾದಂಥ ಮೊದಲ ಪುಸ್ತಕಗಳು ಬಿಡಿ ಅಕ್ಷರಗಳಾದ ‘ಮುಫ್ರದಾತ್’ನಿಂದ ತೊಡಗಿ, ಕೂಡಿಸಿದ ಅಕ್ಷರಗಳಾದ ‘ಮುರಕ್ಕಬಾತ್’ಗೆ ಸಾಗಿ, ಸ್ವರಚಿಹ್ನೆಗಳೊಂದಿಗೆ ಅಕ್ಷರವನ್ನು ಬಿಡಿಸಿ ಹೇಳುವ ‘ಹಿಜ್ಜೆ’ಯ ಮೂಲಕ ಮಗುವನ್ನು ಪದದ ಓದಿಗೆ ಕೊಂಡೊಯ್ಯುತ್ತವೆ. ಇಲ್ಲೆಲ್ಲ ಅಕ್ಷರಗಳು ಕಣ್ಣೆದುರು ಬರೆದೇ ಇರುತ್ತವೆ. ಮಗು ಅವುಗಳನ್ನು ಗುರುತಿಸಿದರೆ ಸಾಕು. ಉಸ್ತಾದರು ಹೇಳಿದ್ದನ್ನು ಕೇಳಿ ಬರೆಯುವ ‘ಇಮ್ಲಾ’ದಲ್ಲಿ, ಎಂದರೆ ಉಕ್ತಲೇಖನದಲ್ಲಿ, ಅದೇ ಮಗು ಯಾವ ಅಕ್ಷರವೆಂಬುದನ್ನೂ, ಅದು ಪದದ ಆ ಸ್ಥಾನದಲ್ಲಿ ತಾಳುವ ರೂಪವನ್ನೂ, ಮುಂದಿನದಕ್ಕೆ ಕೂಡುವುದೋ ಇಲ್ಲವೋ ಎಂಬುದನ್ನೂ, ಚುಕ್ಕೆ ಎಷ್ಟು, ಮೇಲೋ ಕೆಳಗೋ ಎಂಬುದನ್ನೂ ಏಕಕಾಲದಲ್ಲಿ ನಿರ್ಧರಿಸಬೇಕಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಗುಣಿತಾಕ್ಷರ ಕಲಿತ ಮಗುವಿಗೆ ಇನ್ನೊಂದು ತೊಡಕಿದೆ. ಕನ್ನಡದಲ್ಲಿ ಹ್ರಸ್ವವೂ ದೀರ್ಘವೂ ವ್ಯಂಜನದ ಮೈಗೇ ಅಂಟಿಕೊಂಡಿರುತ್ತವೆ. ಅರಬಿಯಲ್ಲಿ ದೀರ್ಘ ಸ್ವರಗಳಿಗೆ ಅಲಿಫ್, ವಾವ್, ಯಾ ಎಂಬ ಪ್ರತ್ಯೇಕ ಅಕ್ಷರಗಳಿದ್ದು, ಹ್ರಸ್ವ ಸ್ವರಗಳು ಮೇಲೆ ಕೆಳಗೆ ಇಡುವ ಸಣ್ಣ ಚಿಹ್ನೆಗಳಷ್ಟೇ ಆಗಿರುತ್ತವೆ ಮತ್ತು ಸಾಮಾನ್ಯ ಬರಹದಲ್ಲಿ ಅವುಗಳನ್ನು ಬಿಟ್ಟೇ ಬಿಡುತ್ತಾರೆ. ಹೀಗಾಗಿ ಹ್ರಸ್ವವಿದ್ದಲ್ಲೆಲ್ಲ ಅಲಿಫ್ ಸೇರಿಸಿಬಿಡುವುದು ಕನ್ನಡದ ಕಿವಿಯುಳ್ಳ ಮಗು ಮಾಡುವ ಸಹಜ ತಪ್ಪು.

ಅರಬಿಯ 28 ಅಕ್ಷರಗಳಲ್ಲಿ 22 ಅಕ್ಷರಗಳು ಎರಡೂ ಬದಿಗೆ ಕೂಡಿಕೊಳ್ಳುತ್ತವೆ. ಅಲಿಫ್, ದಾಲ್, ಝಾಲ್, ರಾ, ಝಾಯ್, ವಾವ್ ಎಂಬ 6 ಅಕ್ಷರಗಳು ತಮ್ಮ ಹಿಂದಿನದಕ್ಕೆ ಮಾತ್ರ ಕೂಡಿ, ಮುಂದಿನದರಿಂದ ಬೇರೆಯಾಗಿ ನಿಲ್ಲುತ್ತವೆ. ಈ ನಿಯಮವನ್ನು ಬಾಯಿಪಾಠ ಮಾಡಿಸುವುದಕ್ಕಿಂತ, ಒಂದು ಪದವನ್ನು ಹೇಳಿ ಅದನ್ನು ಬರೆಯುವಾಗ ಎಷ್ಟು ತುಂಡಾಗುತ್ತದೆಂದು ಮೊದಲು ಊಹಿಸಿ, ಆಮೇಲೆ ಬರೆದು ಪರೀಕ್ಷಿಸುವ ಆಟದಿಂದ ಕಲಿಸುವುದು ಲೇಸು. ‘ಮಕ್ತಬ್’ ಎಂಬುದು ಒಂದೇ ತುಂಡಾಗಿ ಬರುತ್ತದೆ. ‘ಕಿತಾಬ್’ ಅಲಿಫಿನ ಬಳಿ ಮುರಿದು ಎರಡಾಗುತ್ತದೆ. ‘ಮದರಸಾ’ ದಾಲಿನ ಬಳಿಯೊಮ್ಮೆ, ರಾದ ಬಳಿಯೊಮ್ಮೆ ಮುರಿದು ಮೂರಾಗುತ್ತದೆ. ಮನೆಯೆಂಬ ಅರ್ಥದ ‘ದಾರ್’ ಮೂರೇ ಅಕ್ಷರದ ಪದವಾಗಿದ್ದೂ ಒಂದಕ್ಕೊಂದು ತಾಗದ ಮೂರು ತುಂಡುಗಳಾಗಿ ಉಳಿಯುತ್ತದೆ. ಹೀಗೆ ಹತ್ತಿಪ್ಪತ್ತು ಪದಗಳಾಗುವ ಹೊತ್ತಿಗೆ ಆ ಆರು ಅಕ್ಷರಗಳು ಯಾವುವೆಂದು ಮಗುವಿಗೆ ಯಾರೂ ಹೇಳಬೇಕಾಗುವುದಿಲ್ಲ.

ಚುಕ್ಕೆಗಳ ಆಟವೂ ಇಷ್ಟೇ ಸರಳವಾದುದು. 28ರಲ್ಲಿ 15 ಅಕ್ಷರಗಳಿಗೆ ಚುಕ್ಕೆಯುಂಟು, 13ಕ್ಕೆ ಇಲ್ಲ. ಹಲವು ಅಕ್ಷರಗಳ ಮೂಲ ಗೆರೆ ಒಂದೇ ಆಗಿದ್ದು, ಚುಕ್ಕೆ ಮಾತ್ರ ಅವುಗಳನ್ನು ಬೇರ್ಪಡಿಸುತ್ತದೆ. ಎರಡು ಸಣ್ಣ ಹಲ್ಲು, ಕೊನೆಗೊಂದು ಚಾಚಿದ ಬಟ್ಟಲಿನಂಥ ಗೆರೆ ಇರುವ ಒಂದು ಬೋಳು ಆಕೃತಿಯನ್ನು ಹಲಗೆಯ ಮೇಲೆ ಬರೆದು, ಕೊನೆಯ ಗೆರೆಯ ಮೇಲೆ ಎರಡು ಚುಕ್ಕೆಗಳನ್ನಿಟ್ಟು ಅದನ್ನು ‘ತಾ’ ಎಂದು ನಿಶ್ಚಯಿಸಿದ ಮೇಲೆ, ಉಳಿದ ಎರಡು ಹಲ್ಲುಗಳನ್ನು ಮಕ್ಕಳಿಗೆ ಬಿಡಬೇಕು. ಮೊದಲ ಹಲ್ಲಿನ ಕೆಳಗೆ ಒಂದು, ಎರಡನೆಯದರ ಕೆಳಗೆ ಎರಡು ಚುಕ್ಕೆಯಿಟ್ಟರೆ ಮನೆಯೆಂಬ ಅರ್ಥದ ‘ಬೈತ್’ ಆಗುತ್ತದೆ. ಮೊದಲನೆಯದರ ಕೆಳಗೆ ಒಂದು, ಎರಡನೆಯದರ ಮೇಲೆ ಒಂದನ್ನಿಟ್ಟರೆ ಹುಡುಗಿಯೆಂಬ ಅರ್ಥದ ‘ಬಿಂತ್’. ಇವೆರಡನ್ನು ಅದಲುಬದಲು ಮಾಡಿದರೆ ಗಿಡವೆಂಬ ಅರ್ಥದ ‘ನಬ್ತ್’. ಅರಬಿಯ ಹಳೆಯ ವಿದ್ವಾಂಸರು ಚುಕ್ಕೆ ತಪ್ಪಿ ಅರ್ಥ ಕೆಡುವುದಕ್ಕೆ ‘ತಸ್‌ಹೀಫ್’ ಎಂದು ಹೆಸರಿಟ್ಟು, ಆ ದೋಷದ ಬಗ್ಗೆಯೇ ಗ್ರಂಥಗಳನ್ನು ಬರೆದಿದ್ದಾರೆಂಬುದನ್ನು ನೆನೆದರೆ, ಇದು ಕೇವಲ ಮಕ್ಕಳಾಟದ ವಿಷಯವಲ್ಲವೆಂಬುದು ತಿಳಿಯುತ್ತದೆ.

ಆದರೆ ಕನ್ನಡ ಬಲ್ಲ ಮಗುವಿನ ನಿಜವಾದ ಕಷ್ಟ ಆಕಾರಕ್ಕಿಂತ ಹೆಚ್ಚಾಗಿ ಧ್ವನಿಯಲ್ಲಿದೆ, ಮತ್ತು ಅದಕ್ಕೆ ಪರಿಹಾರವಾಗಿ ರೂಪಿಸಬಹುದಾದ ಆಟ ಇಡೀ ಕ್ರಮದಲ್ಲೇ ಅತ್ಯಂತ ಫಲವತ್ತಾದುದು. ಕನ್ನಡದ ಆಡಳಿತ ಮತ್ತು ವ್ಯಾಪಾರದ ಮಾತಿನಲ್ಲಿ ನೆಲೆನಿಂತ ಅರಬಿ ಪದಗಳು ಬಹುಮಟ್ಟಿಗೆ ಫಾರಸಿಯ ಮೂಲಕ ಬಂದವು. ಅರಬಿಯಲ್ಲಿ ನಾಲ್ಕು ಬೇರೆ ಬೇರೆ ಧ್ವನಿಗಳಾಗಿರುವ ಝಾಲ್, ಝಾಯ್, ದಾದ್ (ಉರ್ದು ಬಲ್ಲವರ ಬಾಯಲ್ಲಿ ಜ್ವಾದ್), ಝಾ (ಅದೇ ರೀತಿ ಜೋಯ್) ಎಂಬ ಅಕ್ಷರಗಳು ಫಾರಸಿಯವರ ಉಚ್ಚಾರದಲ್ಲಿ ಒಂದೇ ಆಗಿಬಿಟ್ಟವು. ಕನ್ನಡಕ್ಕೆ ಬರುವಾಗ ಅವು ಜೀಮ್ ಎಂಬ ಐದನೆಯ ಅಕ್ಷರದೊಂದಿಗೂ ಬೆರೆತು, ಐದಕ್ಕೂ ಒಂದೇ ಜಕಾರ ಉಳಿಯಿತು. ‘ಜಮಾ’ದ ಜಕಾರ ಜೀಮ್; ‘ಜಕಾತಿ’ಯದು ಝಾಯ್; ‘ನಜರಾಣೆ’ಯದು ಝಾಲ್; ‘ಜಿಲ್ಲೆ’ಯದು ದಾದ್; ‘ಜಾಹೀರು’ ಎಂಬುದರದು ಝಾ. ಬಾಯಲ್ಲಿ ಒಂದೇ ಆಗಿ ಕೇಳುವ ಈ ಐದೂ ಕೈಯಲ್ಲಿ ಐದು ಆಕಾರಗಳಾಗಿ ಬರಬೇಕು.

ಆಟ ಹೀಗೆ ನಡೆಯಬಹುದು. ಅರ್ಜಿ, ಜಾಮೀನು, ಜವಾಬು, ಜುಲುಮೆ, ಹಾಜರು, ಜಪ್ತಿ, ನಜರು, ಮಜಕೂರು ಮೊದಲಾದ ಪದಗಳನ್ನು ಕನ್ನಡ ಲಿಪಿಯಲ್ಲಿ ಚೀಟಿಗಳ ಮೇಲೆ ಬರೆದು, ಐದು ಅಕ್ಷರಗಳ ಹೆಸರಿನ ಐದು ಮನೆಗಳನ್ನು ಹಲಗೆಯ ಮೇಲೆ ಎಳೆದು, ಎರಡು ಗುಂಪಿನ ಮಕ್ಕಳು ಒಂದೊಂದೇ ಚೀಟಿ ಎತ್ತಿ ಅದರ ಮನೆಯನ್ನು ನಿರ್ಧರಿಸುತ್ತಾರೆ. ಚೀಟಿಯಿಟ್ಟ ಮಗು ಆ ಪದವನ್ನು ಅರಬಿಯಲ್ಲಿ ಬರೆಯಬೇಕು. ಎದುರು ಗುಂಪಿನವರು ಒಪ್ಪದಿದ್ದರೆ ಆಧಾರ ಕೇಳಬಹುದು. ಆಧಾರವನ್ನು ಮಗು ತನಗೆ ಕಂಠಪಾಠವಾಗಿರುವ ಪಠಣದಿಂದ ತಂದುಕೊಳ್ಳುತ್ತದೆ, ಏಕೆಂದರೆ ಫಾರಸಿ ಮತ್ತು ಕನ್ನಡಗಳು ಬೆರೆಸಿದ ಧ್ವನಿಗಳನ್ನು ಕುರ್‌ಆನಿನ ಪಠಣ ಇಂದಿಗೂ ಬೇರೆ ಬೇರೆಯಾಗಿಯೇ ಉಳಿಸಿಕೊಂಡಿದೆ. ‘ಜುಲುಮೆ’ಯ ಮೂಲವಾದ ಧಾತು ಪಠಣದಲ್ಲಿ ಮತ್ತೆ ಮತ್ತೆ ಬರುವುದರಿಂದ, ಅದರ ಗಡುಸಾದ ಝಾ ಮಗುವಿನ ನಾಲಿಗೆಗೆ ಈಗಾಗಲೇ ಗೊತ್ತಿರುತ್ತದೆ, ಗೊತ್ತಿಲ್ಲದಿರುವುದು, ತಹಸೀಲ್ದಾರರ ಕಚೇರಿಯ ಮಾತಿನಲ್ಲಿರುವುದೂ ಅದೇ ಅಕ್ಷರವೆಂಬುದಷ್ಟೇ. ಹೀಗೆ ನಾಲಿಗೆಯಲ್ಲಿರುವ ತಿಳಿವಳಿಕೆ ಕೈಗೆ ಇಳಿಯುತ್ತದೆ. ಇದೇ ಕ್ರಮವನ್ನು ಸಕಾರಕ್ಕೂ ಅನ್ವಯಿಸಬಹುದು: ‘ಸವಾಲು’ ಸೀನ್, ‘ಸಾಹೇಬ’ ಸಾದ್, ‘ಸಾಬೀತು’ ಸಾ ಎಂಬ ಮೂರು ಚುಕ್ಕೆಯ ಅಕ್ಷರ. ‘ತಾರೀಖು’ ಮತ್ತು ‘ತರಫು’ಗಳ ತಕಾರಗಳೂ, ‘ಹವಾ’ ಮತ್ತು ‘ಹಿಸಾಬು’ಗಳ ಹಕಾರಗಳೂ, ‘ಕಿತಾಬು’ ಮತ್ತು ‘ಕಾನೂನು’ಗಳ ಕಕಾರಗಳೂ ಬೇರೆ ಬೇರೆ. ಈ ಕೊನೆಯ ಭೇದವನ್ನು ಲಘುವಾಗಿ ಎಣಿಸುವಂತಿಲ್ಲ. ಹೃದಯವೆಂಬ ಅರ್ಥದ ‘ಕಲ್ಬ್’ ಪದದ ಮೊದಲ ಅಕ್ಷರವನ್ನು ಗಂಟಲಿನ ಕಾಫ್ ಬಿಟ್ಟು ಸಾಮಾನ್ಯ ಕಾಫ್‌ನಲ್ಲಿ ಬರೆದರೆ ಅದು ನಾಯಿಯೆಂದಾಗುತ್ತದೆ.

ಕಚೇರಿಯ ಪದಗಳನ್ನು ಆಟಕ್ಕೆ ಆಯ್ದುಕೊಳ್ಳುವುದರಲ್ಲಿ ಇನ್ನೊಂದು ಅನುಕೂಲವಿದೆ. ಕುರ್‌ಆನಿನ ವಾಕ್ಯಗಳನ್ನು ಚೀಟಿಗಳ ಮೇಲೆ ಬರೆದು ನೆಲದ ಮೇಲೆ ಹರಡುವುದಕ್ಕೆ, ಹರಿದು ಬಿಸಾಡುವುದಕ್ಕೆ ಯಾವ ಉಸ್ತಾದರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಜಾಮೀನು, ಜಪ್ತಿ, ಅರ್ಜಿಗಳಿಗೆ ಆ ನಿರ್ಬಂಧವಿಲ್ಲ. ಅವುಗಳನ್ನು ತಪ್ಪಾಗಿ ಬರೆಯಬಹುದು, ಅಳಿಸಬಹುದು, ಮತ್ತೆ ಬರೆಯಬಹುದು. ತಪ್ಪು ಮಾಡಲು ಧೈರ್ಯವಿಲ್ಲದಲ್ಲಿ ಬರವಣಿಗೆ ಬೆಳೆಯುವುದಿಲ್ಲ. ಪಠಣವನ್ನೇ ಆಧರಿಸಿದ ಆಟ ಬೇಕೆಂದರೆ, ಎಲ್ಲರಿಗೂ ಬಾಯಿಪಾಠವಾಗಿರುವ ಅಲ್-ಫಾತಿಹಾ ಅಧ್ಯಾಯವನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತ, ಅದರಲ್ಲಿ ಬಾರದ ಅಕ್ಷರಗಳನ್ನು ಮಾತ್ರ ಬರೆಯಿರೆಂದು ಹೇಳಬಹುದು: 28ರಲ್ಲಿ 7 ಅಕ್ಷರಗಳು ಅಲ್ಲಿಲ್ಲ, ಮತ್ತು ಮೇಲೆ ಹೇಳಿದ ಐದು ‘ಜ’ಗಳಲ್ಲಿ ಜೀಮ್, ಝಾಯ್, ಝಾ ಎಂಬ ಮೂರು ಆ ಏಳರೊಳಗೆ ಸೇರಿವೆ.

ಅಕ್ಷರದಿಂದ ಪದರಚನೆಗೆ ಏರುವಾಗ ಈ ಪದಗಳು ಮತ್ತಷ್ಟು ಉಪಯುಕ್ತವಾಗುತ್ತವೆ. ಅರಬಿಯ ಹೆಚ್ಚಿನ ಪದಗಳು ಮೂರು ವ್ಯಂಜನಗಳ ಒಂದು ಧಾತುವಿನಿಂದ ಹುಟ್ಟುತ್ತವೆ. ಆ ವ್ಯಂಜನಗಳನ್ನು ‘ವಜನ್’ ಎಂಬ ಗೊತ್ತಾದ ಅಚ್ಚುಗಳಲ್ಲಿ ಹೊಯ್ದಂತೆ ಹೊಸ ಹೊಸ ಪದಗಳಾಗುತ್ತವೆ. ಹಾಜರು, ಹುಜೂರು, ಮಹಜರು ಎಂಬ ಮೂರೂ ಇರುವಿಕೆಯನ್ನು ಸೂಚಿಸುವ ಒಂದೇ ಧಾತುವಿನವು. ಹಾಸಲು, ತಹಸೀಲು, ಮಹಸೂಲು ಎಂಬ ಮೂರೂ ದೊರಕುವಿಕೆಯನ್ನು ಸೂಚಿಸುವ ಇನ್ನೊಂದರವು. ಅಡ್ಡಸಾಲಿನಲ್ಲಿ ಧಾತುಗಳನ್ನೂ ಕಂಬಸಾಲಿನಲ್ಲಿ ಅಚ್ಚುಗಳನ್ನೂ ಬರೆದ ಕೋಷ್ಟಕವನ್ನು ಮಕ್ಕಳ ಮುಂದಿಟ್ಟು ಖಾಲಿ ಮನೆಗಳನ್ನು ತುಂಬಿಸಿದರೆ, ಮಹಸೂಲು, ಮಂಜೂರು, ಮಜಕೂರು, ಮಾಮೂಲು ಎಂಬ ನಾಲ್ಕೂ ‘ಮಫ್‌ಊಲ್’ ಎಂಬ ಒಂದೇ ಅಚ್ಚಿನಲ್ಲಿ ಮೂಡಿದವೆಂಬುದು ಕಣ್ಣಿಗೇ ಕಾಣುತ್ತದೆ. ಇಲ್ಲಿ ‘ಮಾಮೂಲು’ ಒಂದು ಒಳ್ಳೆಯ ಬಲೆ: ಕನ್ನಡದಲ್ಲಿ ದೀರ್ಘವಾಗಿ ಕೇಳುವ ‘ಮಾ’ದೊಳಗೆ ಅಡಗಿರುವುದು ಅಲಿಫ್ ಅಲ್ಲ, ಗಂಟಲಿನ ಐನ್ ಎಂಬುದನ್ನು ಅಚ್ಚಿನ ನೆರವಿಲ್ಲದೆ ಮಗು ಊಹಿಸಲಾರದು, ಅಚ್ಚು ಗೊತ್ತಿದ್ದರೆ ಊಹಿಸದೆ ಇರಲಾರದು. ಪದದ ಕೊನೆಯಲ್ಲಿ ಬರುವ ಎರಡು ಚುಕ್ಕೆಯ ದುಂಡು ತಾ, ಎಂದರೆ ‘ತಾ ಮರ್ಬೂತಾ’, ಇಂಥದೇ ಮತ್ತೊಂದು ಸಂಗತಿ. ಅರಬಿಯಲ್ಲಿ ಮದರಸಾ, ಅದಾಲತು, ಜಮಾತು, ಕೈಫಿಯತ್ತು ಇವೆಲ್ಲವೂ ಅದೇ ಅಕ್ಷರದಿಂದ ಮುಗಿಯುತ್ತವೆ, ಕನ್ನಡದಲ್ಲಿ ಮಾತ್ರ ಒಂದು ಆಕಾರಾಂತವಾಗಿಯೂ ಉಳಿದವು ತಕಾರ ಹೊತ್ತೂ ನಿಂತಿವೆ. ಅವುಗಳ ನಡುವೆ ‘ಷರತ್ತು’ ಎಂಬುದನ್ನು ಸೇರಿಸಿಟ್ಟರೆ, ಅದರ ಕೊನೆ ಗಡುಸಾದ ತಾ ಎಂಬುದನ್ನು ಗುರುತಿಸಿದ ಗುಂಪಿಗೆ ಹೆಚ್ಚಿನ ಅಂಕ ಕೊಡಬಹುದು.

ಪಾಠದ ನಡುವೆ ಆಟ ತರುವುದು ವಿದ್ಯೆಯ ಗಾಂಭೀರ್ಯಕ್ಕೆ ಕುಂದೆಂದು ಭಾವಿಸುವವರು ಅರಬಿಯ ಪರಂಪರೆಯನ್ನೇ ಒಮ್ಮೆ ನೋಡಬೇಕು. 8ನೆಯ ಶತಮಾನದಲ್ಲಿ ಬಸ್ರಾದ ಖಲೀಲ್ ಇಬ್ನ್ ಅಹ್ಮದ್ ಅರಬಿಯ ಮೊದಲ ನಿಘಂಟಾದ ‘ಕಿತಾಬ್ ಅಲ್-ಐನ್’ಅನ್ನು ಯೋಜಿಸಿದ್ದು ಅಕ್ಷರಗಳನ್ನು ಅದಲುಬದಲು ಮಾಡುವ ಕ್ರಮದಲ್ಲಿ: ಮೂರು ವ್ಯಂಜನಗಳನ್ನು ಆರು ಬಗೆಯಲ್ಲಿ ಜೋಡಿಸಿ, ಅವುಗಳಲ್ಲಿ ಬಳಕೆಯಲ್ಲಿರುವವು ಯಾವುವು, ಇಲ್ಲದವು ಯಾವುವು ಎಂದು ಪರೀಕ್ಷಿಸುತ್ತ ಹೋಗುವುದು. ‘ಕಲ್ಬ್’ನ ಮೂರು ಅಕ್ಷರಗಳನ್ನು ಹೀಗೆ ತಿರುಗಿಸಿದರೆ ಮೊದಲು ಎಂಬ ಅರ್ಥದ ‘ಕಬ್ಲ್’, ಬಿರುದು ಎಂಬ ಅರ್ಥದ ‘ಲಕಬ್’, ಸೊಪ್ಪು ಎಂಬ ಅರ್ಥದ ‘ಬಕ್ಲ್’ ಸಿಗುತ್ತವೆ. ಕನ್ನಡದ ‘ಕಬೂಲು’ ಹುಟ್ಟಿದ್ದು ಇವುಗಳಲ್ಲಿ ಮೊದಲನೆಯದರ ಧಾತುವಿನಿಂದ, ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದ ಭಟ್ಕಳದವರು ದಿನವೂ ನೋಡುವ ಕಿರಾಣಿ ಅಂಗಡಿಯ ‘ಬಕಾಲಾ’ ಕೊನೆಯದರಿಂದ. ಬಸ್ರಾದವನೇ ಆದ ಅಲ್-ಹರೀರಿ (1054–1122) ಬರೆದ ‘ಮಕಾಮಾತ್’ ಎಂಬ ಪ್ರಸಿದ್ಧ ಕೃತಿಯಲ್ಲಿ 50 ಪ್ರಸಂಗಗಳಿವೆ. 46ನೆಯದರಲ್ಲಿ ಕಥಾನಾಯಕ ಅಬೂ ಝೈದ್ ಸಿರಿಯಾದ ಹಿಮ್ಸ್ ಊರಿನ ಶಾಲಾ ಮೇಷ್ಟರಾಗಿ ಕಾಣಿಸಿಕೊಂಡು, ತನ್ನ ಹತ್ತು ಮಂದಿ ಶಿಷ್ಯರನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ ಬರವಣಿಗೆಯ ಪಂಥಗಳನ್ನು ಕೊಡುತ್ತಾನೆ. ಒಬ್ಬ ಹುಡುಗ ಚುಕ್ಕೆಯೇ ಇಲ್ಲದ ಅಕ್ಷರಗಳಲ್ಲಿ ಪದ್ಯ ಕಟ್ಟಬೇಕು, ಇನ್ನೊಬ್ಬ ಚುಕ್ಕೆಯುಳ್ಳವುಗಳಲ್ಲೇ ಕಟ್ಟಬೇಕು. ಒಬ್ಬ ಸೀನ್‌ನಿಂದ, ಒಬ್ಬ ಸಾದ್‌ನಿಂದ ಬರೆಯುವ ಪದಗಳನ್ನು ಪೋಣಿಸಬೇಕು. ಮತ್ತೊಬ್ಬ ಝಾ ಬರುವ ಪದಗಳನ್ನೆಲ್ಲ ಪದ್ಯದಲ್ಲಿ ಕೂಡಿಹಾಕಬೇಕು. ಮಿರ್ಜಾನದ ಮಗುವಿಗೆ ಯಾವ ಅಕ್ಷರಗಳು ಕಾಡುತ್ತವೆಯೋ ಅವೇ ಒಂಬೈನೂರು ವರ್ಷಗಳ ಹಿಂದೆ ಅರಬಿಯನ್ನೇ ಆಡುವ ಮಕ್ಕಳನ್ನೂ ಕಾಡುತ್ತಿದ್ದವು ಮತ್ತು ಅದಕ್ಕೆ ಆಗಲೂ ಆಟವೇ ಉಪಾಯವಾಗಿತ್ತೆಂಬುದಕ್ಕೆ ಈ ಪ್ರಸಂಗ ಸಾಕ್ಷಿ. ಭಾರತದಲ್ಲಿ ಅಕ್ಬರನ ಆಸ್ಥಾನದ ಫೈಝಿ, 1590ರ ದಶಕದಲ್ಲಿ, ಕುರ್‌ಆನಿಗೆ ಇಡಿಯ ವ್ಯಾಖ್ಯಾನವೊಂದನ್ನೇ ಚುಕ್ಕೆಯಿಲ್ಲದ ಅಕ್ಷರಗಳಲ್ಲಿ ರಚಿಸಿ ಈ ವಿದ್ಯೆಯನ್ನು ತುತ್ತತುದಿಗೆ ಒಯ್ದನು. ಹರೀರಿಯ ಕೃತಿ ನಮ್ಮ ಮದರಸಾಗಳ ಮೇಲಿನ ತರಗತಿಗಳಲ್ಲಿ ಬಹುಕಾಲದಿಂದ ಪಠ್ಯವಾಗಿದೆ. ಅದರೊಳಗಿನ ಬೋಧನಕ್ರಮ ಕೆಳಗಿನ ತರಗತಿಗೆ ಇಳಿದು ಬರಲಿಲ್ಲವೆಂಬುದು ಖೇದದ ಸಂಗತಿ.

ಕನ್ನಡದ ಪತ್ರಿಕೆಗಳ ಪದಬಂಧದಂಥದು ಅರಬಿಯಲ್ಲಿಯೂ ಇದೆ. ಅದನ್ನು ‘ಅಲ್-ಕಲಿಮಾತ್ ಅಲ್-ಮುತಕಾತಿಆ’ ಎನ್ನುತ್ತಾರೆ. ಕನ್ನಡದ ಪದಬಂಧದಲ್ಲಿ ಗುಣಿತವೂ ಒತ್ತೂ ಸೇರಿ ಒಂದು ಮನೆಯಾಗುವುದರಿಂದ ‘ತಾರೀಖು’ ಮೂರು ಮನೆಗಳಲ್ಲಿ ಮುಗಿಯುತ್ತದೆ. ಅರಬಿಯಲ್ಲಿ ತಾ, ಅಲಿಫ್, ರಾ, ಯಾ, ಖಾ ಎಂದು ಅದಕ್ಕೆ ಐದು ಮನೆ ಬೇಕು. ಯಾವ ದೀರ್ಘವನ್ನು ಬರೆಯಬೇಕು, ಯಾವ ಹ್ರಸ್ವವನ್ನು ಬಿಡಬೇಕು ಎಂಬ ಲೆಕ್ಕವನ್ನು ಮನೆಗಳ ಸಂಖ್ಯೆಯೇ ಕಲಿಸಿಬಿಡುವುದರಿಂದ ಇದು ಕನ್ನಡದ ಮಕ್ಕಳಿಗೆ ಬಹಳ ಹಿತವಾದ ಅಭ್ಯಾಸ. ಆದರೆ ಇಲ್ಲಿ ಎಚ್ಚರವೂ ಬೇಕು. ಪದಬಂಧದ ಮನೆಯಲ್ಲಿ ಅಕ್ಷರ ಬಿಡಿಯಾಗಿ ಕೂರುತ್ತದೆ, ಅಕ್ಷರ ಬರೆದ ಬಿಲ್ಲೆಗಳನ್ನು ಜೋಡಿಸುವ ಆಟಗಳಲ್ಲಿಯೂ ಹಾಗೆಯೇ. ಎರಡೂ ಕಾಗುಣಿತವನ್ನು ಕಲಿಸುತ್ತವೆ, ಕೂಡುಬರಹವನ್ನು ಕಲಿಸುವುದಿಲ್ಲ. ಮೊಬೈಲಿನ ಕೀಲಿಮಣೆಯಂತೂ ಅಕ್ಷರಗಳನ್ನು ತಾನೇ ಕೂಡಿಸಿ ಕೊಡುವುದರಿಂದ, ಅದರಲ್ಲಿ ಎಷ್ಟು ಆಡಿದರೂ ಕೈಗೆ ಆ ಕೂಡಿಕೆ ಬರುವುದಿಲ್ಲ. ಆದ್ದರಿಂದ ತುಂಬಿದ ಪ್ರತಿಯೊಂದು ಪದವನ್ನೂ ಪಕ್ಕದಲ್ಲಿ ಕೂಡಿಸಿ ಬರೆದ ಮೇಲೆಯೇ ಅಂಕ ಕೊಡುವ ನಿಯಮವಿರಬೇಕು. ವೇಗಕ್ಕಿಂತ ಓದಲು ಬರುವಂಥ ಬರಹಕ್ಕೆ ಹೆಚ್ಚು ಬೆಲೆಯಿರಬೇಕು.

ಇಂಥ ಆಟಗಳಿಗೆ ಶಾಲಾ ವ್ಯವಸ್ಥೆಯಲ್ಲಿಯೇ ಜಾಗ ಕೊಟ್ಟಿರುವ ಉದಾಹರಣೆ ದೂರದಲ್ಲೇನೂ ಇಲ್ಲ. ಕೇರಳದ ಸಾರ್ವಜನಿಕ ಶಾಲೆಗಳಲ್ಲಿ ಅರಬಿ ಒಂದು ಕ್ರಮಬದ್ಧ ವಿಷಯವಾಗಿದ್ದು, ಅಲ್ಲಿಯ ಶಾಲಾ ಕಲೋತ್ಸವದೊಂದಿಗೆ ಅರಬಿ ಸಾಹಿತ್ಯೋತ್ಸವವೂ ನಡೆಯುತ್ತದೆ. ಅದರ ಸ್ಪರ್ಧೆಗಳ ಪಟ್ಟಿಯಲ್ಲಿ ಗಾಯನ ಭಾಷಣಗಳ ಜೊತೆಗೆ ಪದನಿರ್ಮಾಣ, ಪದಕೇಳಿ, ‘ಪದಪ್ಪಯಟ್ಟ್’ ಎಂಬ ಪದಗಳ ಕಾಳಗ, ನಿಘಂಟು ನಿರ್ಮಾಣ, ಕೈಬರಹ ಇವುಗಳಿಗೂ ಸ್ಥಾನವಿದೆ. ಮಂಜೇಶ್ವರ, ಕುಂಬಳೆಗಳ ಕನ್ನಡ ಮಾಧ್ಯಮ ಶಾಲೆಗಳೂ ಈ ವ್ಯವಸ್ಥೆಯೊಳಗೇ ಇವೆ. 2019ರಲ್ಲಿ ರಾಜ್ಯ ಕಲೋತ್ಸವ ನಡೆದದ್ದೇ ಕಾಸರಗೋಡು ಜಿಲ್ಲೆಯ ಕಾಂಞಂಗಾಡಿನಲ್ಲಿ. ಸ್ಪರ್ಧೆಯಿದ್ದಲ್ಲಿ ಅಭ್ಯಾಸ ತಾನಾಗಿ ಹುಟ್ಟುತ್ತದೆಂಬುದು ಯಾವ ಶಿಕ್ಷಕರಿಗೂ ತಿಳಿದ ಮಾತು. ಉತ್ತರ ಕನ್ನಡದ ಕರಾವಳಿಗೆ, ಹೆಣ್ಣುಮಕ್ಕಳ 13 ಶಾಲೆಗಳಿದ್ದ ಹೊನ್ನಾವರದ ನೆರೆಹೊರೆಗೆ, ಅಂಥದೊಂದು ಸ್ಪರ್ಧೆ ಹೊಂದುವುದಿಲ್ಲವೆಂದು ಹೇಳಲು ಯಾವ ಕಾರಣವೂ ಇಲ್ಲ.

ವಿಶ್ವಸಂಸ್ಥೆ 1973ರ ಡಿಸೆಂಬರ್ 18ರಂದು ಅರಬಿಯನ್ನು ತನ್ನ ಅಧಿಕೃತ ಭಾಷೆಗಳಲ್ಲೊಂದಾಗಿ ಅಂಗೀಕರಿಸಿದ ನೆನಪಿಗೆ ಪ್ರತಿವರ್ಷ ಅದೇ ದಿನ ವಿಶ್ವ ಅರಬಿ ಭಾಷಾ ದಿನವನ್ನು ಆಚರಿಸಲಾಗುತ್ತದೆ. ಮಿರ್ಜಾನ, ಕುಮಟೆ, ಹೊನ್ನಾವರ, ಭಟ್ಕಳಗಳ ಮಕ್ತಬ್‌ಗಳೂ ಅರಬಿ ಕಲಿಸುವ ಶಾಲೆಗಳೂ ಆ ದಿನಕ್ಕೆ ಒಂದು ಪದದಾಟದ ಸ್ಪರ್ಧೆಯನ್ನು ಗೊತ್ತುಮಾಡಿ, ಅದಕ್ಕಾಗಿ ಪ್ರತಿದಿನದ ಪಾಠದಲ್ಲಿ ಕಾಲು ಗಂಟೆಯನ್ನು ಮೀಸಲಿಡಬೇಕು. ಪದಪಟ್ಟಿಯನ್ನು ಅರಬಿಯ ಉಸ್ತಾದರೊಬ್ಬರೇ ಮಾಡುವುದಕ್ಕಿಂತ, ಊರಿನ ಕನ್ನಡ ಶಿಕ್ಷಕರೊಂದಿಗೆ ಕೂತು, ಪಹಣಿ ಪತ್ರ, ಕೋರ್ಟಿನ ನೋಟಿಸು, ಪಂಚಾಯಿತಿಯ ಠರಾವುಗಳನ್ನು ಮುಂದಿಟ್ಟುಕೊಂಡು ನೂರು ಪದಗಳನ್ನು ಆರಿಸುವುದು ಉತ್ತಮ. ಖರ್ಚು ಬೇಡುವ ಕೆಲಸ ಇದಲ್ಲ. ಒಂದು ಹಲಗೆ, ಒಂದು ಕಟ್ಟು ಚೀಟಿ, ಇಬ್ಬರು ಶಿಕ್ಷಕರು ಇದ್ದರೆ ಬರುವ ಸೋಮವಾರದ ಪಾಠದಿಂದಲೇ ಇದನ್ನು ಆರಂಭಿಸಬಹುದು.